ಎಕ್ಸ್‌ರೇ ಕೋಣೆಯ ಎಂಜಲು

ಮಕ್ಕಳ ಓದಿಗಾಗಿ ಹೊಲವನ್ನೋ ಒಡವೆಯನ್ನೋ ಅಡವಿಟ್ಟು ಇಂದು ಈ ಸಭೆಯಲ್ಲಿ ಕುಳಿತಿರುವ ತಂದೆ ತಾಯಂದಿರೆ, ಕಪ್ಪು ಗೌನಿನೊಳಗೆ ಬೆವರುತ್ತಿರುವ ಯುವ ದಂತವೈದ್ಯರೆ,

ಘಟಿಕೋತ್ಸವ ಅಂದರೆ ಕನಸು, ಸೇವೆ, ದೇಶ ಅಂತ ದೊಡ್ಡ ಮಾತು ಆಡುವುದು ವಾಡಿಕೆ. ನನ್ನ ಪಾಲಿನ ಸಮಯವನ್ನು ನಾನು ಒಂದು ಜೊತೆ ಗ್ಲೌಸಿನ ಮೇಲೆ ಖರ್ಚು ಮಾಡುತ್ತೇನೆ. ಓರಲ್ ರೇಡಿಯಾಲಜಿ ಕಲಿಸುತ್ತಲೇ ತಲೆ ನರೆತವನಿಂದ ಇನ್ನೇನು ಬಂದೀತು?

ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರು ಜನವರಿಯಲ್ಲೇ ಜರ್ಮನಿಯ ಬ್ರೌನ್‌ಷ್ವೈಗ್ ಊರಿನ ದಂತವೈದ್ಯ ಓಟೋ ವಾಲ್ಕ್‌ಹಾಫ್ ತನ್ನದೇ ಹಲ್ಲುಗಳ ಚಿತ್ರ ತೆಗೆಸಿಕೊಂಡ. ಅದಕ್ಕಾಗಿ ಅವನು 25 ನಿಮಿಷ ಅಲುಗಾಡದೆ ಮಲಗಿದ್ದ. ಬಾಯೊಳಗಿನ ಗಾಜಿನ ಪ್ಲೇಟಿಗೆ ಕಪ್ಪು ಕಾಗದ ಸುತ್ತಿ, ಮೇಲೆ ರಬ್ಬರ್ ಹಾಳೆ ಹೊದಿಸಿದ್ದ. ಗಮನಿಸಿ, ಆ ರಬ್ಬರ್ ಇದ್ದದ್ದು ಉಗುಳಿನಿಂದ ಪ್ಲೇಟು ಕೆಡದಿರಲಿ ಎಂದು. ಇಂದಿಗೂ ಎಷ್ಟೋ ಕ್ಲಿನಿಕ್ಕುಗಳಲ್ಲಿ ಎಕ್ಸ್‌ರೇ ಚಿತ್ರವನ್ನು ಕಂಪ್ಯೂಟರಿಗೆ ಕಳಿಸುವ ಆರ್‌ವಿಜಿ ಸೆನ್ಸರಿಗೆ ಪ್ಲಾಸ್ಟಿಕ್ ಕವರ್ ಹಾಕುವುದು ಇದೇ ಬುದ್ಧಿಯಿಂದ. ದುಬಾರಿ ಸೆನ್ಸರ್ ಹಾಳಾಗಬಾರದಲ್ಲ! ಮುಂದೆ ಅದೇ ಸೆನ್ಸರನ್ನು ಬಾಯಲ್ಲಿ ಕಚ್ಚಲಿರುವ ರೋಗಿಯ ನೆನಪು ಆಮೇಲೆ.

ವಿಕಿರಣದ ಪಾಠವನ್ನು ನಮ್ಮ ಶಾಖೆ ಬೆರಳು ತೆತ್ತು ಕಲಿಯಿತು. ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯ ಎಕ್ಸ್‌ರೇ ದೆಸೆಯಿಂದ ಮೊದಲು ಬೆರಳುಗಳನ್ನು, ಆಮೇಲೆ ತೋಳನ್ನೇ ಕಳೆದುಕೊಂಡ. ಸೋಂಕು ಹಾಗೆ ಎದ್ದು ಕಾಣುವಂಥದ್ದಲ್ಲ. ಎಕ್ಸ್‌ರೇ ಕೋಣೆಯಲ್ಲಿ ಸೂಜಿಯಿಲ್ಲ, ಡ್ರಿಲ್ಲಿನ ತುಂತುರಿಲ್ಲ, ರಕ್ತ ಕಣ್ಣಿಗೆ ಬೀಳುವುದೂ ಕಡಿಮೆ. ಹಲ್ಲು ಕೀಳುವಾಗ ಮೈಯೆಲ್ಲ ಕಣ್ಣಾಗಿರುವ ನಾವು ಇಲ್ಲಿಗೆ ಬಂದ ಕೂಡಲೇ ಸಡಿಲಾಗಿಬಿಡುತ್ತೇವೆ. ಆದರೆ ಒಸಡಿನಿಂದ ಜಿನುಗಿದ ರಕ್ತ ಉಗುಳಿನೊಳಗೇ ಬೆರೆತಿರುತ್ತದೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಒಂದು ವಾರದವರೆಗೂ ಜೀವ ಹಿಡಿದಿರಬಲ್ಲದು.

ಒಂದೇ ಒಂದು ಐಒಪಿಎ, ಅಂದರೆ ಬಾಯೊಳಗೆ ಸೆನ್ಸರ್ ಇಲ್ಲವೇ ಫಿಲ್ಮ್ ಇಟ್ಟು ತೆಗೆಯುವ ಹಲ್ಲಿನ ಎಕ್ಸ್‌ರೇ, ತೆಗೆಯುವಾಗ ಕೈ ಎಲ್ಲೆಲ್ಲಿ ಸುತ್ತಾಡುತ್ತದೆ ನೋಡಿ. ಗ್ಲೌಸ್ ಹಾಕಿದ ಬೆರಳು ಕೆನ್ನೆ ಸರಿಸಿ ಸೆನ್ಸರ್ ಕೂರಿಸುತ್ತದೆ. ಅದೇ ಬೆರಳು ಟ್ಯೂಬಿನ ಕೋನ್ ತಿರುಗಿಸುತ್ತದೆ, ಕುರ್ಚಿಯ ತಲೆದಿಂಬು ಮೇಲೆತ್ತುತ್ತದೆ, ಹೊರಗೆ ಬಂದು ಎಕ್ಸ್‌ಪೋಷರ್ ಸ್ವಿಚ್ ಒತ್ತುತ್ತದೆ. ಚಿತ್ರ ಸರಿಯಾಗಿ ಬಂತೇ ಎಂದು ಮೌಸ್ ಹಿಡಿಯುತ್ತದೆ. ಬೇರಿನ ತುದಿ ತಪ್ಪಿಹೋಗಿದ್ದರೆ ಮತ್ತೆ ಬಾಯಿಗೆ. ನಡುವೆ ಫೋನ್ ಬಂದರೆ ಅದಕ್ಕೂ. ಕೊನೆಗೆ ಗ್ಲೌಸ್ ಕಳಚಿ ಬಿಸಾಡಿ ಕೈ ತೊಳೆದುಕೊಳ್ಳುತ್ತೇವೆ, ಮನಸ್ಸೂ ಹಗುರವಾಗುತ್ತದೆ. ಸ್ವಿಚ್ಚು, ಮೌಸು ಮಾತ್ರ ಹಾಗೇ ಕೂತಿರುತ್ತವೆ, ಮುಂದಿನವರ ಕೈಗಾಗಿ. ಫಿಲ್ಮ್ ಬಳಸುವ ಕಡೆ ಇನ್ನೊಂದು ಕೈಯೂ ಸೇರಿಕೊಳ್ಳುತ್ತದೆ. ಹೋಲ್ಡರ್ ಇಲ್ಲವೆಂದು ರೋಗಿಯ ಹೆಬ್ಬೆರಳಲ್ಲೇ ಫಿಲ್ಮ್ ಹಿಡಿಸುತ್ತೇವೆ. ಆತ ಒದ್ದೆ ಬೆರಳನ್ನು ಕುರ್ಚಿಯ ಕೈಗೆ ಒರೆಸಿ ಎದ್ದು ಹೋಗುತ್ತಾನೆ. ತಪ್ಪು ಆತನದಲ್ಲ; ನಾವು ಒಂದು ಟಿಶ್ಯೂ ಕೊಡಲಿಲ್ಲ.

ನಿಮ್ಮ ಅಜ್ಜಿಗೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ. ಉಣ್ಣುತ್ತಿದ್ದ ಕೈಯಲ್ಲಿ ಸೌಟು ಮುಟ್ಟಿದರೆ ಆಕೆ ಸುಮ್ಮನಿರುತ್ತಿದ್ದಳೇ? ಬಡಿಸಿಕೊಳ್ಳಬೇಕಾದರೆ ಎಡಗೈ, ಇಲ್ಲವೇ ಇನ್ನೊಬ್ಬರು. ಎಕ್ಸ್‌ರೇ ಕೋಣೆಯಲ್ಲೂ ಅಷ್ಟೇ. ಸ್ವಿಚ್ಚಿಗೆ, ಕೋನಿಗೆ, ಮೌಸಿಗೆ ಮೊದಲೇ ಪ್ಲಾಸ್ಟಿಕ್ ಸುತ್ತಿ, ಪ್ರತಿ ರೋಗಿಗೂ ಬದಲಿಸಿ. ಇಲ್ಲವೇ ಒಬ್ಬರು ಬಾಯಿ ನೋಡಿಕೊಳ್ಳಲಿ, ಇನ್ನೊಬ್ಬರು ಯಂತ್ರ. ಆದರೆ ಅಜ್ಜಿಯ ಕಾಲದ್ದೆಲ್ಲವನ್ನೂ ಕ್ಲಿನಿಕ್ಕಿನೊಳಕ್ಕೆ ಕರೆತರಬೇಡಿ. ಮಡಿ-ಮೈಲಿಗೆ ಕೇಳುತ್ತಿದ್ದದ್ದು ಮುಟ್ಟಿದವರು ಯಾರು ಎಂದು. ನಮ್ಮ ಶಾಸ್ತ್ರ ಕೇಳುವುದು ಏನನ್ನು ಮುಟ್ಟಿದ ಕೈ ಇದು ಎಂದು ಮಾತ್ರ.

ಇಷ್ಟು ಹೇಳಲು ಕಾರಣವಿದೆ. ಕೇಸ್ ಪೇಪರಿನ ಮೂಲೆಯಲ್ಲಿ ಕೆಂಪು ಗುರುತು ಹಾಕಿ, ‘ಇವರನ್ನು ಕೊನೆಗೆ ಕರೆಯಿರಿ’ ಎನ್ನುವ ಚಾಳಿಯನ್ನು ನೀವೆಲ್ಲ ನೋಡಿರುತ್ತೀರಿ. ಎಚ್‌ಐವಿ ಇದೆಯೆಂದು ಚಿಕಿತ್ಸೆಯಲ್ಲಿ ಭೇದ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಕಾನೂನು ಪಕ್ಕಕ್ಕಿರಲಿ, ಇದು ಶುದ್ಧ ಪೆದ್ದುತನ ಕೂಡ. ಹೆಪಟೈಟಿಸ್ ಬಿ ಹೊತ್ತು ಓಡಾಡುವ ಎಷ್ಟೋ ಮಂದಿಗೆ ಅದು ತಮ್ಮಲ್ಲಿರುವುದೇ ಗೊತ್ತಿಲ್ಲ. ನಿಮ್ಮ ಕೆಂಪು ಪೆನ್ನಿಗೆ ಹೇಗೆ ಗೊತ್ತಾಗಬೇಕು? ಬೆಳಗಿನ ಮೊದಲ ರೋಗಿಗೆ ಸಾಲದ ಶುಚಿತ್ವ ಸಂಜೆಯ ಕೊನೆಯ ರೋಗಿಗೂ ಸಾಲದು.

ಇನ್ನು ಉಪಕರಣಗಳು. ಫಿಲ್ಮ್ ಹೋಲ್ಡರ್, ಇಡೀ ದವಡೆಯ ಎಕ್ಸ್‌ರೇ ಆದ ಒಪಿಜಿಯಲ್ಲಿ ಕಚ್ಚಿಸುವ ಬೈಟ್ ಬ್ಲಾಕ್, ಇವು ಬಾಯೊಳಗೆ ಹೋಗುವಂಥವು. ಶಾಖ ತಡೆಯುವುದಾದರೆ ಆಟೋಕ್ಲೇವ್ ಮಾಡಲೇಬೇಕು: 121 ಡಿಗ್ರಿಯ ಹಬೆ, 15 ಪೌಂಡ್ ಒತ್ತಡ. ಕುದಿವ ನೀರು 100 ಡಿಗ್ರಿ ದಾಟುವುದಿಲ್ಲ, ಬ್ಯಾಕ್ಟೀರಿಯಾದ ಸ್ಪೋರುಗಳು ಅದಕ್ಕೆ ಬಗ್ಗುವುದೂ ಇಲ್ಲ. ಟ್ರೇಯಲ್ಲಿ 2% ಗ್ಲುಟರಾಲ್ಡಿಹೈಡ್ ಸುರಿದು ಹೋಲ್ಡರ್ ಅದ್ದಿ, ಎರಡು ಮೂರು ನಿಮಿಷಕ್ಕೆ ತೆಗೆದು ‘ಸ್ಟೆರೈಲ್ ಆಯ್ತು’ ಅನ್ನುವವರಿದ್ದಾರೆ. ಆ ದ್ರಾವಣದಲ್ಲಿ ನಿಜವಾಗಿ ಸ್ಟೆರೈಲ್ ಆಗಲು 10 ಗಂಟೆ ಬೇಕು. ಆಟೋಕ್ಲೇವಿಗೆ ಹಾಕಿದ ಪೌಚಿನ ಮೇಲಿನ ಪಟ್ಟಿ ಬಣ್ಣ ಬದಲಿಸಿದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ ಮಾಡಿ.

ಸೆನ್ಸರನ್ನು ಆಟೋಕ್ಲೇವಿಗೆ ಹಾಕುವಂತಿಲ್ಲ. ಕವರ್ ಹಾಕಬೇಕು, ಆದರೆ ಕವರನ್ನು ನಂಬಿ ಕೂರಬಾರದು. ಹಲ್ಲಿನ ಅಂಚಿಗೆ ಸಿಕ್ಕಿ ಕಣ್ಣಿಗೆ ಕಾಣದಂತೆ ಹರಿದಿರುತ್ತದೆ. ಆದ್ದರಿಂದ ಪ್ರತಿ ರೋಗಿಯಾದ ಮೇಲೂ, ಕವರ್ ಕಳಚಿ, ಗ್ಲೌಸ್ ಬದಲಿಸಿ, ತಯಾರಕರು ಹೇಳಿದ ಸೋಂಕುನಿವಾರಕದಿಂದಲೇ ಒರೆಸಿ. ಅವರು ಹೇಳಿದಷ್ಟು ಹೊತ್ತು ಅದು ಒದ್ದೆಯಾಗಿರಲಿ. ಒರೆಸಿದ ಕೂಡಲೇ ಬಟ್ಟೆಯಿಂದ ಒಣಗಿಸುವುದು ಬರೀ ನಾಟಕ. ಲೆಡ್ ಏಪ್ರನ್ನನ್ನೂ ಒರೆಸಿ, ಮಡಚದೆ ತೂಗುಹಾಕಿ. ಗ್ಲೌಸು, ಕವರು ಕೆಂಪು ಚೀಲಕ್ಕೆ. ಫಿಲ್ಮಿನೊಳಗಿನ ಸೀಸದ ಹಾಳೆ ಕಸದ ಬುಟ್ಟಿಗೆ ಬೇಡ.

ಯಂತ್ರದ ವಿಕಿರಣಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಿಮ್ಮಿಂದ ಲೆಕ್ಕ ಕೇಳುತ್ತದೆ. ಸ್ವಿಚ್ಚಿನ ಮೇಲಿನ ಎಂಜಲಿಗೆ ಲೆಕ್ಕ ಕೇಳಿಕೊಂಡು ತಾಲ್ಲೂಕು ಕೇಂದ್ರದ ನಿಮ್ಮ ಪುಟ್ಟ ಕ್ಲಿನಿಕ್ಕಿಗೆ ಯಾರಾದರೂ ಬಂದಾರೆಂದು ನನಗನ್ನಿಸುವುದಿಲ್ಲ. ರೋಗಿ ಕೇಳುವುದಿಲ್ಲ, ಕೇಳಿದರೆ ಡಾಕ್ಟರಿಗೆ ಬೇಸರವಾದೀತೆಂಬ ಅಂಜಿಕೆ ಆತನಿಗೆ. ನಿಮ್ಮಲ್ಲಿ ಕೆಲಸಕ್ಕೆ ಸೇರುವ ಹುಡುಗಿಯಂತೂ ಕೇಳುವುದೇ ಇಲ್ಲ. ಪಿಯುಸಿ ಮುಗಿಸಿ ಬಂದ ಆಕೆ ನೀವು ಮಾಡುವುದನ್ನು ನೋಡಿ ಹಾಗೇ ಮಾಡುತ್ತಾಳೆ. ಟ್ರೇ ತೊಳೆಯುವವಳೂ ಅವಳೇ, ಕವರ್ ಕಳಚುವವಳೂ ಅವಳೇ. ನೀವು ವಿದ್ಯಾರ್ಥಿಯಾಗಿದ್ದಾಗಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಿ. ಅವಳಿಗೆ?

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಕ್ಲಿನಿಕ್ ತೆರೆಯುವಾಗ ಸ್ವಾಗತ ಕೋಣೆಯ ಸೋಫಾದಲ್ಲಿ ಸ್ವಲ್ಪ ಉಳಿಸಿ ಇನ್ನೆರಡು ಸೆಟ್ ಹೋಲ್ಡರ್ ಕೊಳ್ಳಿ. ಒಂದು ಆಟೋಕ್ಲೇವಿನಲ್ಲಿದ್ದಾಗ ಇನ್ನೊಂದು ಕೈಗೆ ಸಿಗಲಿ. ಆ ಹುಡುಗಿಗೆ ಕೆಲಸದ ಮೊದಲ ವಾರದಲ್ಲೇ ನಿಮ್ಮ ಖರ್ಚಿನಲ್ಲಿ ಲಸಿಕೆಯ ಮೊದಲ ಡೋಸ್ ಹಾಕಿಸಿ. ಉಳಿದೆರಡು ಡೋಸು ಒಂದನೆಯ ಮತ್ತು ಆರನೆಯ ತಿಂಗಳಿಗೆ; ತಾರೀಕು ನೆನಪಿಡುವ ಹೊಣೆ ನಿಮ್ಮದೇ ಇರಲಿ.