ಬಾಣ ಕೀಳುವ ಕೈ

(ಉಪನ್ಯಾಸದ ಪಾಠ)



ಒಳ್ಳೆಯವರಿಗೇ ಕಷ್ಟ ಏಕೆ ಬರುತ್ತದೆ? ಜಗತ್ತಿನಲ್ಲಿ ಇಷ್ಟೊಂದು ಕೇಡು ಏಕಿದೆ? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸುತ್ತಲಿನ ಕಲ್ಲು, ಗುಡಿ, ಹೊಲಗಳೇ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕೊಟ್ಟಿವೆ.

ಮೊದಲ ಉತ್ತರ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಂ ಬಂಡೆಗಳಲ್ಲಿದೆ. ಕ್ರಿ.ಪೂ. 3ನೇ ಶತಮಾನದ ಈ ಶಾಸನಗಳು ಅಶೋಕನವು. ಅವನ ಹೆಸರನ್ನೇ ನಮೂದಿಸಿರುವ ಶಾಸನಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ರಾಯಚೂರು ಜಿಲ್ಲೆಯ ಮಸ್ಕಿಯಂತೆ ಇವೆರಡೂ ಆ ಸಾಲಿಗೆ ಸೇರಿವೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಶ್ರೇಯಸ್ಸು ಪಡೆಯಬಲ್ಲರು. ಜೀವಿಗಳಲ್ಲಿ ದಯೆ ಇರಲಿ, ಸತ್ಯ ನುಡಿಯಿರಿ ಎಂಬುದು ಅವುಗಳ ಸಾರ. ಇದರ ಹಿಂದೆ ರಕ್ತದ ಕಥೆಯಿದೆ. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ನೆಲೆ ಕಳೆದುಕೊಂಡರು ಎಂದು ಅಶೋಕನೇ ತನ್ನ 13ನೇ ಶಿಲಾಶಾಸನದಲ್ಲಿ ಕೊರೆಸಿದ್ದಾನೆ. ಸತ್ತವರ ಹಣೆಬರಹವನ್ನು ಅವನು ದೂರಲಿಲ್ಲ. ನೋವು ತನ್ನಿಂದಾಯಿತು ಎಂದು ಒಪ್ಪಿದ. ಆದರೆ ಆ ಪಶ್ಚಾತ್ತಾಪದ ಶಾಸನವನ್ನು ಕಳಿಂಗದಲ್ಲೇ ಹಾಕಿಸಲಿಲ್ಲ! ನೊಂದವರ ಎದುರು ತಪ್ಪೊಪ್ಪಿಕೊಳ್ಳುವುದು ಚಕ್ರವರ್ತಿಗೂ ಸುಲಭವಲ್ಲ.

ಎರಡನೆಯ ಉತ್ತರ ಕುರುಗೋಡಿನಲ್ಲಿದೆ. ಏಕಶಿಲೆಯ ದೊಡ್ಡಬಸವೇಶ್ವರನ ಈ ಊರು ಒಂದು ಕಾಲಕ್ಕೆ ಸಿಂದರ ನೆಲೆ. ಅವರ ಕಾಲದ ಶಿವಾಲಯಗಳು ಇಲ್ಲಿವೆ. ಅದೇ 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರ ಚಳವಳಿ ನಡೆಯಿತು. ತಮಗೆ ಬಂದ ಕಷ್ಟವನ್ನು ಶಿವನೊಡ್ಡಿದ ಪರೀಕ್ಷೆ ಎಂದು ಶರಣರು ತಾವಾಗಿ ಸ್ವೀಕರಿಸಿದರು. ಆದರೆ ಎದುರಿಗೆ ಬಂದವನ ಹಸಿವನ್ನು ಪರೀಕ್ಷೆಯೆಂದು ಬಿಡಲಿಲ್ಲ, ಅದಕ್ಕೆ ದಾಸೋಹವಿತ್ತು. ಹಿಂದಿನ ಜನ್ಮದ ಲೆಕ್ಕ ಕೇಳಿ ಅನ್ನ ಬಡಿಸುವ ಪದ್ಧತಿ ದಾಸೋಹದಲ್ಲಿಲ್ಲ.

ಮೂರನೆಯದು ಶಾಸ್ತ್ರ ಓದದವರ ಉತ್ತರ. ಬಳ್ಳಾರಿಯ ಕನಕ ದುರ್ಗಮ್ಮನಂತಹ ಶಕ್ತಿದೇವತೆಗಳನ್ನು ಪೂಜಿಸುವ ಈ ಸೀಮೆಯಲ್ಲಿ ಸಿಡುಬು ಬಂದರೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಬೇವಿನ ಸೊಪ್ಪು ಕಟ್ಟಿ, ಮೈಮೇಲೆ ಗುಳ್ಳೆ ಎದ್ದವರನ್ನು ತಣ್ಣಗೆ ಮಲಗಿಸಿ ನೋಡಿಕೊಳ್ಳುತ್ತಿದ್ದರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ರೋಗಕ್ಕೆ ತಾಯಿಯ ಹೆಸರಿಟ್ಟಾಗ ರೋಗಿ ಪಾಪಿಯಾಗುವುದಿಲ್ಲ, ಗೌರವಕ್ಕೆ ಪಾತ್ರನಾಗುತ್ತಾನೆ. ಹಾಗೆಂದು ಸಿಡುಬು ಹೋದದ್ದು ಬೇವಿನಿಂದಲ್ಲ, ಲಸಿಕೆಯಿಂದ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಿತು. ಆರೈಕೆಗೆ ನಂಬಿಕೆ, ನಿವಾರಣೆಗೆ ವಿಜ್ಞಾನ: ಎರಡೂ ತಂತಮ್ಮ ಕೆಲಸ ಮಾಡಿದವು.

ಈ ಉತ್ತರಗಳಿಗೆಲ್ಲ ಅಗ್ನಿಪರೀಕ್ಷೆಯಾದದ್ದು 1876-78ರ ಧಾತು ಸಂವತ್ಸರದ ಬರ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1876ರ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1871ಕ್ಕೆ ಹೋಲಿಸಿದರೆ 1881ರ ಜನಗಣತಿಯಲ್ಲಿ ಬಳ್ಳಾರಿ ಸೀಮೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ತಗ್ಗಿತ್ತು. ಬರ ದೈವಕೋಪವೆಂದು ಜನ ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ಆಳುವವರಿಗೂ ಒಂದು 'ಧರ್ಮ'ವಿತ್ತು. ಧಾನ್ಯದ ಮಾರುಕಟ್ಟೆಗೆ ಸರ್ಕಾರ ಕೈಹಾಕಬಾರದು, ಪುಕ್ಕಟೆ ನೆರವು ಜನರನ್ನು ಸೋಮಾರಿ ಮಾಡುತ್ತದೆ ಎಂಬುದೇ ಆ ಧರ್ಮ. 1877ರ ಜನವರಿಯಲ್ಲಿ ಬಂದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ 1 ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದ. ಇಷ್ಟರಲ್ಲಿ ದುಡಿಯುವ ಮೈ ಬದುಕದು ಎಂದು ಪ್ರಾಂತ್ಯದ ನೈರ್ಮಲ್ಯಾಧಿಕಾರಿ ಕಾರ್ನಿಷ್ ವಾದಿಸಿದರು. ಕೂಲಿ ಏರಿತು, ಆದರೆ ತಿಂಗಳುಗಳು ಕಳೆದ ಮೇಲೆ.

ಇಲ್ಲಿ ಒಂದು ಸತ್ಯ ಕಣ್ಣಿಗೆ ಹೊಡೆಯುತ್ತದೆ. ಕರ್ಮ, ದೈವಪರೀಕ್ಷೆ, ಮಾರುಕಟ್ಟೆಯ ನಿಯಮ, ಯಾವ ವಿವರಣೆಯೇ ಆಗಲಿ, ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ಮುಖ್ಯ. ಮಗುವನ್ನು ಕಳೆದುಕೊಂಡ ತಾಯಿ 'ನನ್ನ ಕರ್ಮ' ಎಂದರೆ ಅದು ಉಸಿರು ಹಿಡಿದುಕೊಳ್ಳಲು ಅವಳಿಗೆ ಸಿಕ್ಕ ಊರುಗೋಲು. ಉಂಡು ಕೂತವನು 'ನಿನ್ನ ಕರ್ಮ' ಎಂದರೆ ಅದೇ ಊರುಗೋಲು ಬಡಿಗೆಯಾಗುತ್ತದೆ.

ಬುದ್ಧ ಹೇಳಿದ ಬಾಣದ ದೃಷ್ಟಾಂತ ಅನೇಕರಿಗೆ ಗೊತ್ತು. ವಿಷದ ಬಾಣ ನೆಟ್ಟವನು, ಬಾಣ ಬಿಟ್ಟವನ ಕುಲ ಯಾವುದು, ಬಿಲ್ಲು ಯಾವ ಮರದ್ದು ಎಂದೆಲ್ಲ ತಿಳಿಯುವವರೆಗೆ ಅದನ್ನು ಕೀಳಗೊಡುವುದಿಲ್ಲ ಎಂದು ಹಟ ಹಿಡಿದರೆ ಸಾಯುತ್ತಾನೆ. ಮೊದಲು ಬಾಣ ಕೀಳಬೇಕು. ಆದರೆ ಬಳ್ಳಾರಿಯ ಅನುಭವ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ: ಕಿತ್ತ ಮೇಲೆ, ಅದು ಎಲ್ಲಿಂದ ಬಂತೆಂದೂ ಕೇಳಬೇಕು. ಇಲ್ಲದಿದ್ದರೆ ಇನ್ನೊಂದು ಬಾಣ ಬರುತ್ತದೆ. ಆ ಬರದ ನಂತರ ಕ್ಷಾಮ ಆಯೋಗ ನೇಮಕವಾಗಿ 1880ರಲ್ಲಿ ವರದಿ ಕೊಟ್ಟಿತು, ಕ್ಷಾಮ ಸಂಹಿತೆಗಳು ರೂಪುಗೊಂಡವು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯಿತು. ಇಂದು ಸಿರುಗುಪ್ಪ ಭತ್ತದ ನಾಡು. ಕಾಲುವೆ ಎಲ್ಲ ಕಷ್ಟವನ್ನೂ ತೊಳೆಯಲಿಲ್ಲ ಎಂಬುದೂ ನಿಜ. ನೀರು ನಿಂತ ಹೊಲಗಳಲ್ಲಿ ಸವುಳು ಬಂದಿದೆ, ಕೊನೆಯ ಹೊಲಕ್ಕೆ ನೀರಿಗಾಗಿ ಕಾಯುವುದು ತಪ್ಪಿಲ್ಲ.

ಕೇಡು ಏಕಿದೆ ಎಂಬುದಕ್ಕೆ ಕೊನೆಯ ಉತ್ತರ ಯಾವ ಮತವೂ ಕೊಟ್ಟಂತಿಲ್ಲ. ಕೊಟ್ಟ ಉತ್ತರಗಳಲ್ಲಿ ಯಾವುದು ಒಳ್ಳೆಯದೆಂದು ಅಳೆಯಲು ಒಂದು ಸೇರು ಮಾತ್ರ ಇದೆ. ಅದನ್ನು ಕೇಳಿದ ಮೇಲೆ ಕೈ ನೊಂದವನ ಕಡೆ ಚಾಚುತ್ತದೋ, ಮಡಿಲಲ್ಲೇ ಮಡಿಚಿಕೊಳ್ಳುತ್ತದೋ ನೋಡಬೇಕು.