ಐದನೆಯ ಸೈನ್ಯದ ಹಾಜರಿ ಪಟ್ಟಿ

(ಗೊಳಸಂಗಿಯಲ್ಲಿ ಗಿರಣಿ ಕಾಮಗಾರರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)

ಬೆಳಗಾವಿಯ ಮರಾಠಾ ಪಲ್ಟನ್ನಿನ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. ಅದರ ಒಂದನೆಯ ಬಟಾಲಿಯನ್ನು ಎರಡನೆಯ ಮಹಾಯುದ್ಧದಲ್ಲಿ ಇಟಲಿಗೆ ಹೋಗಿತ್ತು. ಅದು ಸೇರಿದ್ದ ಎಂಟನೆಯ ಭಾರತೀಯ ಡಿವಿಜನ್ನು 1944ರಲ್ಲಿ ಅಮೇರಿಕದ ಐದನೆಯ ಸೈನ್ಯದ ಕೈಕೆಳಗೆ ಬಂತು. ಇಂಗ್ಲಿಷರ ಪಗಾರ ಉಣ್ಣುವ ಸಿಪಾಯಿ ಅಮೇರಿಕದವರ ಹುಕುಮಿಗೆ ಹೇಗೆ ಒಳಪಟ್ಟ? ಇದನ್ನು ತಿಳಿಯಲು ಆ ಸೈನ್ಯದ ಕಟ್ಟೋಣವನ್ನು ನೋಡಬೇಕು.

ಬಟಾಲಿಯನ್ನುಗಳು ಕೂಡಿ ಬ್ರಿಗೇಡು, ಬ್ರಿಗೇಡುಗಳು ಕೂಡಿ ಡಿವಿಜನ್ನು, ಡಿವಿಜನ್ನುಗಳು ಕೂಡಿ ಕೋರು, ಕೋರುಗಳು ಕೂಡಿ ಸೈನ್ಯ. ಸೈನ್ಯವೆಂದರೆ ಮುಖ್ಯವಾಗಿ ಒಂದು ಕಚೇರಿ. ಅಂಗಡಿಯಲ್ಲಿ ಕೀರ್ದಿ ಖಾತೆ ಅಲ್ಲಿಯೇ ಇರುತ್ತದೆ, ಸರಕು ಬರುತ್ತದೆ ಹೋಗುತ್ತದೆ. ಹಾಗೆಯೇ ಡಿವಿಜನ್ನುಗಳು.

ಐದನೆಯ ಸೈನ್ಯ 1943ರ ಜನವರಿ 5ರಂದು ಮೊರಾಕ್ಕೋದ ಊಜ್ದಾದಲ್ಲಿ ಹುಟ್ಟಿತು. ಸೇನಾಪತಿ ಮಾರ್ಕ್ ಕ್ಲಾರ್ಕ್. ಅದೇ ವರ್ಷ ಸೆಪ್ಟೆಂಬರ್ 9ರಂದು ಸಲೇರ್ನೋ ತೀರಕ್ಕಿಳಿದಾಗ ಅದರ ಎರಡು ಕೋರುಗಳಲ್ಲಿ ಒಂದು ಬ್ರಿಟಿಷರದು! ಮುಂದೆ ಫ್ರೆಂಚರ ಕೈಕೆಳಗಿನ ಮೊರಾಕ್ಕೋ, ಅಲ್ಜೀರಿಯದವರು ಬಂದರು, ಕಸ್ಸಿನೋ ಬೆಟ್ಟದ ಎದುರು ನ್ಯೂಜಿಲೆಂಡಿನವರೂ ನಾಲ್ಕನೆಯ ಭಾರತೀಯ ಡಿವಿಜನ್ನಿನವರೂ ಬಂದರು, ಆಮೇಲೆ ಬ್ರೆಜಿಲಿನವರು. 1944ರ ಜೂನ್ 4ರಂದು ರೋಮ್ ಕೈಸೇರಿತು. ಒಡನೆಯೇ ಏಳು ಡಿವಿಜನ್ನುಗಳನ್ನು ದಕ್ಷಿಣ ಫ್ರಾನ್ಸಿನ ದಂಡಯಾತ್ರೆಗೆಂದು ಕಿತ್ತುಕೊಂಡರು. ಆದರೂ ಐದನೆಯ ಸೈನ್ಯ ಉಳಿಯಿತು.

ಇಷ್ಟು ಜನಾಂಗಗಳನ್ನು ಒಂದೇ ಪಟ್ಟಿಯಲ್ಲಿ ಬರೆದ ಆ ಸೈನ್ಯದಲ್ಲಿ ಸಮಾನತೆ ಇತ್ತೇ? ಇರಲಿಲ್ಲ. ಅದರ 92ನೆಯ ಡಿವಿಜನ್ನಿನಲ್ಲಿ ಸಿಪಾಯಿಗಳು ಅಮೇರಿಕದ ಕಪ್ಪು ಜನ. ಮೇಲಿನ ಅಧಿಕಾರಿಗಳು ಬಿಳಿಯರು. 1944ರ ಡಿಸೆಂಬರ್ 26ರಂದು ಸೆರ್ಕಿಯೋ ಕಣಿವೆಯಲ್ಲಿ ಜರ್ಮನರು ಈ ಡಿವಿಜನ್ನಿನ ಮೇಲೆ ಬಿದ್ದರು. ಸೊಮ್ಮೊಕೊಲೋನಿಯಾ ಎಂಬ ಹಳ್ಳಿಯ ಮಾಳಿಗೆಯ ಮೇಲಿದ್ದ ಲೆಫ್ಟಿನೆಂಟ್ ಜಾನ್ ಫಾಕ್ಸ್ ಎಂಬ ಕಪ್ಪು ಅಧಿಕಾರಿ, ಶತ್ರು ಸುತ್ತುವರಿದಾಗ, ತಾನು ನಿಂತ ಜಾಗಕ್ಕೇ ತೋಪು ಹಾರಿಸಿರೆಂದು ತನ್ನವರಿಗೆ ಹೇಳಿದ. ಅಲ್ಲಿಯೇ ಮಡಿದ. ಮುರಿದ ಸಾಲಿನ ಹಿಂದೆ ನಿಂತು ಜರ್ಮನರನ್ನು ತಡೆದವರು ನಮ್ಮ ಎಂಟನೆಯ ಡಿವಿಜನ್ನಿನವರು. ಇವರಿಗಾದರೂ ಬ್ರಿಟಿಷ್ ಸಿಪಾಯಿಯ ಸರಿಸಮ ಪಗಾರವಿರಲಿಲ್ಲ. ಗುಂಡಿನ ಮುಂದೆ ಸಮಾನರು. ಪಗಾರದ ದಿನ ಅಲ್ಲ.

ಸೋಲಿನ ದೂರೆಲ್ಲ ಕಪ್ಪು ಸಿಪಾಯಿಗಳ ತಲೆಗೆ ಬಂತು. ಆ ಯುದ್ಧದಲ್ಲಿ ಅಮೇರಿಕದ ಅತ್ಯುಚ್ಚ ಪದಕ ಒಬ್ಬ ಕಪ್ಪು ಯೋಧನಿಗೂ ಸಿಗಲಿಲ್ಲ. ಇಟಲಿಯ ಜರ್ಮನ್ ಸೈನ್ಯ 1945ರ ಮೇ 2ರಂದು ಶರಣಾಯಿತು. ಅಕ್ಟೋಬರಿನಲ್ಲಿ ಐದನೆಯ ಸೈನ್ಯದ ಯುದ್ಧಕಾಲದ ಕಚೇರಿಯನ್ನೂ ಮುಚ್ಚಿದರು. ಸೈನ್ಯದೊಳಗಿನ ವರ್ಣಭೇದ ತೆಗೆಯುವ ಆಜ್ಞೆಯನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರಲ್ಲಿ. ಫಾಕ್ಸನಿಗೆ ಆ ಪದಕ ಬಂದದ್ದು 1997ರಲ್ಲಿ, ಸತ್ತು ಐವತ್ತೆರಡು ವರ್ಷಗಳ ಮೇಲೆ.

ಬಂಧುಗಳೇ, ಒಂದೇ ಹಾಜರಿ ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಸಂಘಟನೆ ಆಗುವುದಿಲ್ಲ. ನೂಲುವವ, ನೇಯುವವ, ಹಮಾಲ, ಕಸ ಗುಡಿಸುವವಳು ಎಲ್ಲರೂ ನಮ್ಮ ಸಂಘಕ್ಕೆ ವರ್ಗಣಿ ಕೊಡುತ್ತಾರೆ. ಕಾರ್ಯಕಾರಿ ಸಮಿತಿಯಲ್ಲಿ ಅವರಲ್ಲಿ ಯಾರು ಯಾರಿದ್ದಾರೆ? ಮುಷ್ಕರ ಸೋತ ದಿನ ದೂರು ಯಾರ ಮೇಲೆ ಹೊರಿಸುತ್ತೇವೆ? ಬರುವ ಸಭೆಯಲ್ಲಿ ಈ ಲೆಕ್ಕವನ್ನು ಎಲ್ಲರ ಎದುರು ತೆಗೆಯೋಣ.