ಮನೆಯೊಳಗಿನ ಕಡಲು

ಮೊಮ್ಮಗಳ ಆಸೆಗೆಂದು ಗಾಜಿನ ತೊಟ್ಟಿಯೊಂದನ್ನು ತಂದು, ಲೀಟರಿಗೆ ಸುಮಾರು 35 ಗ್ರಾಂನಂತೆ ಕಡಲುಪ್ಪಿನ ಮಿಶ್ರಣ ಕರಗಿಸಿ, ಮರುದಿನವೇ ಎರಡು ಕ್ಲೌನ್ ಮೀನುಗಳನ್ನು ಬಿಟ್ಟೆ. ವಾರದೊಳಗೆ ಎರಡೂ ಸತ್ತವು. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿತ್ತು!

ತಿಳಿನೀರೆಲ್ಲವೂ ಜೀವಜಲವಲ್ಲ. ಮೀನು ವಿಸರ್ಜಿಸುವ ಅಮೋನಿಯ ಅದಕ್ಕೇ ವಿಷ. ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟು ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಕಲ್ಲು, ಮರಳುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇನ್ನೊಂದು ಮಾತು: ಆವಿಯಾಗುವುದು ನೀರು, ಉಪ್ಪಲ್ಲ. ಆದುದರಿಂದ ತಗ್ಗಿದಷ್ಟಕ್ಕೆ ಶುದ್ಧವಾದ ಸಿಹಿನೀರನ್ನೇ ತುಂಬಬೇಕು.

ಎರಡನೆಯ ಸಲ, ಚಿಟಿಕೆ ಮೀನಾಹಾರವನ್ನಷ್ಟೇ ಹಾಕಿ ಕಾದೆವು.

“ಖಾಲಿ ತೊಟ್ಟಿಯಲ್ಲಿ ಏನು ನೋಡುತ್ತೀಯ, ಅಜ್ಜ?” ಎಂದಳು ಮಗು.

“ಖಾಲಿಯಲ್ಲ, ತಾಯಿ, ನಮಗೆ ಕಾಣುವುದಿಲ್ಲ, ಅಷ್ಟೆ” ಎಂದೆ.

ಪರೀಕ್ಷೆಯಲ್ಲಿ ಅಮೋನಿಯವೂ ನೈಟ್ರೈಟೂ ಸೊನ್ನೆಗಿಳಿದ ಮೇಲೆ ಒಂದೇ ಮೀನು ತಂದೆವು. ಅದು ಇನ್ನೂ ಬದುಕಿದೆ.